ಮಕ್ಕಳ ಕೈಗೆ ಮೊಬೈಲ್ ಬಂತು, ಒಗಟು ಬರಲಿಲ್ಲ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಸಂಜೆ ಹೊತ್ತು ಅರ್ಧ ತಾಸು ನಿಂತರೆ ಈ ಕಾಲದ ಬಾಲ್ಯದ ಎರಡು ಮುಖಗಳು ಒಟ್ಟಿಗೇ ಕಾಣಸಿಗುತ್ತವೆ. ಶಾಲೆ ಬಿಟ್ಟ ಮೇಲೆ ಅಪ್ಪನ ಬಂಡಿಗೆ ಬಂದು ನಿಂತ ಹನ್ನೊಂದು ಹನ್ನೆರಡರ ಹುಡುಗ. ಬಂಡಿಯ ಮೇಲೆ ಕಮಲಾಪುರದ ಕೆಂಪು ಬಾಳೆ. ಡಜನ್ನಿಗೆ 120 ರೂಪಾಯಿಯಾದರೆ ದೀಡ ಡಜನ್ನಿಗೆ 180 ಎಂದು ಗಿರಾಕಿಗೆ ಹೇಳಿ, ಅವರು ಚಾಚಿದ 500ರ ನೋಟಿಗೆ 320 ರೂಪಾಯಿಯನ್ನು ತಡವರಿಸದೆ ಎಣಿಸಿ ಕೊಡುತ್ತಾನೆ. ಕಾಗದವಿಲ್ಲ, ಲೇಖನಿಯಿಲ್ಲ, ಲೆಕ್ಕಯಂತ್ರವೂ ಇಲ್ಲ. ನಾಲ್ಕು ಹೆಜ್ಜೆಯಾಚೆ ಮೊಬೈಲ್ ಅಂಗಡಿಯ ಮೆಟ್ಟಿಲ ಮೇಲೆ ಅದೇ ವಯಸ್ಸಿನ ಇನ್ನೊಂದು ಮಗು. ಪರದೆಯ ಮೇಲೆ ಬಣ್ಣದ ಗುಳಿಗೆಗಳು ಸಾಲಾಗಿ ಸಿಡಿಯುತ್ತಿವೆ, ನಾಣ್ಯಗಳು ಉದುರುತ್ತಿವೆ, ನಡುನಡುವೆ ಜಾಹೀರಾತು ಬಂದು ಹೋಗುತ್ತಿದೆ. ಬೆರಳು ಓಡುತ್ತಿದೆ, ತಲೆಗೆ ಮಾತ್ರ ಹೆಚ್ಚಿನ ಕೆಲಸವಿಲ್ಲ.

ಮೊದಲನೆಯ ಹುಡುಗ ಜಾಣ, ಎರಡನೆಯವನು ಕೆಟ್ಟುಹೋದವನು ಎಂದು ತೀರ್ಪು ಕೊಡುವುದು ಸುಲಭ. ಸಂಗತಿ ಅಷ್ಟು ಸರಳವಾಗಿಲ್ಲ. ದೆಹಲಿ ಮತ್ತು ಕೋಲ್ಕತ್ತದ ಸಂತೆ–ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಹಾಗೂ ಮನೋವಿಜ್ಞಾನಿ ಎಲಿಜಬೆತ್ ಸ್ಪೆಲ್ಕೆ ಈ ತಂಡದಲ್ಲಿದ್ದರು. ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಸರಾಗವಾಗಿ ಮಾಡುವ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯ ಮಾದರಿಯಲ್ಲಿ ಕಾಗದದ ಮೇಲೆ ಬರೆದುಕೊಟ್ಟ, ಅದಕ್ಕಿಂತ ಸುಲಭವಾದ ಕಳೆಯುವ ಮತ್ತು ಭಾಗಿಸುವ ಲೆಕ್ಕಗಳನ್ನು ಬಿಡಿಸಲಾರದೆ ಹೋದರು. ಸಮೀಪದ ಶಾಲೆಗಳ, ದುಡಿಯದ ಮಕ್ಕಳ ಸ್ಥಿತಿ ಇದಕ್ಕೆ ತದ್ವಿರುದ್ಧ: ಕಾಗದದ ಲೆಕ್ಕ ಬರುತ್ತಿತ್ತು, ಅಂಗಡಿಯ ಲೆಕ್ಕ ಬರುತ್ತಿರಲಿಲ್ಲ. ಒಂದೇ ತಲೆಯೊಳಗೆ ಎರಡು ಗಣಿತ. ಒಂದರಿಂದ ಇನ್ನೊಂದಕ್ಕೆ ಸೇತುವೆಯಿಲ್ಲ.

ಮಕ್ಕಳಿಗಾಗಿ ತಯಾರಾಗುವ ಕಲಿಕೆಯ ಆಟಗಳನ್ನು, ಅದರಲ್ಲೂ ಒಗಟು ಬಿಡಿಸುವ ವಿಡಿಯೊ ಆಟಗಳನ್ನು, ಈ ಸೇತುವೆಯ ಪ್ರಶ್ನೆಯಾಗಿಯೇ ನೋಡಬೇಕಾಗಿದೆ. ನಮ್ಮಲ್ಲಿ ಮಾತ್ರ ಚರ್ಚೆ ಬೇರೆಯೇ ಜಾಡಿನಲ್ಲಿ ನಡೆದಿದೆ. ಒಂದು ಪಕ್ಷ ಮೊಬೈಲನ್ನು ಕಸಿದುಕೊಳ್ಳಿ ಎನ್ನುತ್ತದೆ. ಇನ್ನೊಂದು ಪಕ್ಷ ಪ್ರತಿ ಮಗುವಿಗೂ ಟ್ಯಾಬ್ಲೆಟ್ ಹಂಚಿ ಎನ್ನುತ್ತದೆ. ಆ ಪರದೆಯೊಳಗೆ ಏನಿರಬೇಕು, ಅದು ಯಾವ ಭಾಷೆಯಲ್ಲಿರಬೇಕು, ಮಗುವಿನ ಪಕ್ಕದಲ್ಲಿ ಯಾರಿರಬೇಕು ಎಂಬುದನ್ನು ಎರಡೂ ಪಕ್ಷಗಳು ಕೇಳುತ್ತಿಲ್ಲ.

ಕೇಳಬೇಕಾದ ತುರ್ತು ಕಲಬುರಗಿಗೆ ಉಳಿದೆಲ್ಲರಿಗಿಂತ ಹೆಚ್ಚಾಗಿದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಪಟ್ಟಿಯ ತಲೆಯಲ್ಲಿದ್ದರೆ, ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿತ್ತು. ಪ್ರತಿ ವರ್ಷ ಫಲಿತಾಂಶದ ಮರುದಿನ ನಡೆಯುವ ಆತ್ಮಾವಲೋಕನದ ಸಭೆಗಳು ಹತ್ತನೆಯ ತರಗತಿಯ ಸುತ್ತಲೇ ತಿರುಗುತ್ತವೆ. ಆದರೆ ಭಿನ್ನರಾಶಿ ಅರ್ಥವಾಗದ ಮಗು ಸೋಲುವುದು ಹತ್ತನೆಯ ತರಗತಿಯಲ್ಲಲ್ಲ, ನಾಲ್ಕನೆಯ ಅಥವಾ ಐದನೆಯ ತರಗತಿಯಲ್ಲಿ. ಹತ್ತರಲ್ಲಿ ಆ ಸೋಲು ಬಹಿರಂಗವಾಗುತ್ತದೆ, ಅಷ್ಟೆ.

ಇತ್ತ ಮೊಬೈಲ್ ಆಗಲೇ ಮನೆಯೊಳಗೆ ಬಂದಾಗಿದೆ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸುವುದು ಗೊತ್ತು ಎಂದು 2024ರ ‘ಅಸರ್’ ಸಮೀಕ್ಷೆ ದಾಖಲಿಸಿದೆ. ಸಮೀಕ್ಷೆಗೆ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಯಂತ್ರ ತಲುಪಿದ ವೇಗದಲ್ಲಿ ಅದರೊಳಗೆ ಇರಬೇಕಾದ ಸತ್ವ ತಲುಪಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾನೂನು ತನ್ನ ಪಾಲಿನ ಕೆಲಸವನ್ನು ಮಾಡಲು ಯತ್ನಿಸಿದೆ. 2020ರಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಆಟವನ್ನು ನಿಷೇಧಿಸಿತು. 2021ರಲ್ಲಿ ಕರ್ನಾಟಕವು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ತಡೆಯಹೊರಟಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿ ಹಣದ ಆಟಗಳಿಗೆ ದೇಶವ್ಯಾಪಿ ನಿಷೇಧ ಹೇರಿತು. ಈ ಕಾಯ್ದೆಯ ಹೆಸರಿನಲ್ಲಿ ‘ಉತ್ತೇಜನ’ ಎಂಬ ಶಬ್ದ ಮೊದಲು ಬರುತ್ತದೆ ಎಂಬುದನ್ನು ಗಮನಿಸಬೇಕು. ಶೈಕ್ಷಣಿಕ ಮತ್ತು ಸಾಮಾಜಿಕ ಆಟಗಳನ್ನು ಬೆಳೆಸುವ ಮಾತು ಅದರಲ್ಲಿದೆ. ಸುದ್ದಿಯಾದದ್ದು ನಿಷೇಧ ಮಾತ್ರ. ಮಗು ಏನನ್ನು ಆಡಬಾರದು ಎಂದು ಹೇಳಿದ ಸಮಾಜವು ಏನನ್ನು ಆಡಬೇಕು ಎಂದು ಹೇಳದೆ ಸುಮ್ಮನಾದರೆ ಆ ಖಾಲಿ ಜಾಗವನ್ನು ಮಾರುಕಟ್ಟೆ ತುಂಬುತ್ತದೆ.

ಹಾಗಾದರೆ ಒಳ್ಳೆಯ ಒಗಟಿನ ಆಟ ಎಂದರೆ ಯಾವುದು? ಕಲಿಕೆಯ ಹೆಸರಿನಲ್ಲಿ ಬರುವ ಆಟಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕಹಿ ಗುಳಿಗೆಗೆ ಬೆಲ್ಲ ಸವರಿದ ಬಗೆ. ಏಳೆಂಟಲ ಎಷ್ಟು ಎಂದು ಕೇಳಿ, 56 ಎಂದು ಒತ್ತಿದರೆ ನಕ್ಷತ್ರ ಚಿಮ್ಮಿಸುತ್ತದೆ. ಇಲ್ಲಿ ಗಣಿತ ಬೇರೆ, ಆಟ ಬೇರೆ. ಮಗ್ಗಿ ಗಟ್ಟಿಯಾಗಲು ಇದರಿಂದ ಅಷ್ಟಿಷ್ಟು ಅನುಕೂಲವಿದೆ. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಎರಡನೆಯ ಬಗೆಯಲ್ಲಿ ಯೋಚನೆಯೇ ಆಟ. 1996ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಝೂಂಬಿನಿಸ್’ ಇದಕ್ಕೆ ಹಳೆಯ ಉದಾಹರಣೆ. ಕೂದಲು, ಕಣ್ಣು, ಮೂಗು, ಕಾಲುಗಳಲ್ಲಿ ಭಿನ್ನವಾಗಿರುವ ಪುಟ್ಟ ಜೀವಿಗಳನ್ನು ಮಗು ಸೇತುವೆ ದಾಟಿಸಬೇಕು. ಯಾರನ್ನು ಬಿಡುತ್ತದೆ, ಯಾರನ್ನು ತಡೆಯುತ್ತದೆ ಎಂಬ ನಿಯಮವನ್ನು ಆಟ ಹೇಳುವುದಿಲ್ಲ. ಮಗು ಊಹಿಸಬೇಕು, ಪ್ರಯೋಗಿಸಬೇಕು, ತಪ್ಪಬೇಕು, ಊಹೆಯನ್ನು ತಿದ್ದಿಕೊಳ್ಳಬೇಕು. ಒಂದೇ ಒಂದು ಲೆಕ್ಕವನ್ನೂ ಬರೆಯಿಸದೆ ತರ್ಕಶಾಸ್ತ್ರದ ಹಾಗೂ ವಿಜ್ಞಾನದ ಮೊದಲ ಪಾಠವನ್ನು ಅದು ಕಲಿಸುತ್ತಿತ್ತು.

ಈ ಎರಡನೆಯ ಬಗೆ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಸ್ಟೇಶನ್ ಬಜಾರದಿಂದ ಸುಮಾರು 40 ಕಿಲೊಮೀಟರ್ ದೂರದಲ್ಲಿ, ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದ ನಡುವಿನಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಸಂಸ್ಕೃತದ ಆ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮುದ್ರಣಗೊಂಡ ಮೇಲೆ ಜಗತ್ತಿನ ಗಣಿತ ಚರಿತ್ರೆಕಾರರ ಗಮನ ಸೆಳೆಯಿತು. ಅದರಲ್ಲಿನ ಲೆಕ್ಕಗಳಲ್ಲಿ ದುಂಬಿಗಳಿವೆ, ಮುತ್ತಿನ ಸರಗಳಿವೆ, ಹಣ್ಣಿನ ರಾಶಿಗಳಿವೆ. ಅವು ಓದುಗನನ್ನು ಆಟಕ್ಕೆ ಕರೆಯುವ ಲೆಕ್ಕಗಳು.

ಒಂದನ್ನು ನೋಡೋಣ. ಮಾವಿನ ಹಣ್ಣಿನ ಒಂದು ರಾಶಿಯಿದೆ. ಅದರಲ್ಲಿ ಆರನೆಯ ಒಂದು ಭಾಗವನ್ನು ರಾಜ ತೆಗೆದುಕೊಂಡ. ಉಳಿದುದರಲ್ಲಿ ಐದನೆಯ ಒಂದು ಭಾಗವನ್ನು ರಾಣಿ ತೆಗೆದುಕೊಂಡಳು. ಆಮೇಲೆ ಉಳಿಯುತ್ತ ಹೋದುದರಲ್ಲಿ ಮೂವರು ರಾಜಕುಮಾರರು ಕ್ರಮವಾಗಿ ನಾಲ್ಕನೆಯ ಒಂದು, ಮೂರನೆಯ ಒಂದು ಮತ್ತು ಅರ್ಧ ಭಾಗವನ್ನು ತೆಗೆದುಕೊಂಡರು. ಎಲ್ಲರಿಗಿಂತ ಕಿರಿಯ ಮಗುವಿಗೆ ಉಳಿದದ್ದು ಮೂರು ಹಣ್ಣು. ರಾಶಿಯಲ್ಲಿ ಇದ್ದದ್ದೆಷ್ಟು?

ಸಮೀಕರಣ ಬರೆದು ಬಿಡಿಸಬಹುದು. ಆದರೆ ಹತ್ತು ವರ್ಷದ ಮಗು ಕೊನೆಯಿಂದ ಹಿಂದಕ್ಕೆ ನಡೆದು ಬಿಡಿಸಬಲ್ಲದು. ಮೂರು ಉಳಿಯಬೇಕಾದರೆ, ಅರ್ಧ ತೆಗೆಯುವ ಮೊದಲು ಆರಿರಬೇಕು. ಅದಕ್ಕೂ ಮೊದಲು ಒಂಬತ್ತು, ಅದಕ್ಕೂ ಮೊದಲು ಹನ್ನೆರಡು, ಹದಿನೈದು, ಮೊದಲಿಗೆ ಹದಿನೆಂಟು. ಇಷ್ಟು ಹೊತ್ತಿಗೆ ಮಗುವಿನ ಕಣ್ಣು ಅರಳುತ್ತದೆ: ಪ್ರತಿ ಸಲವೂ ಮೂರೇ ಕಡಿಮೆಯಾಗುತ್ತಿದೆ! ರಾಜನಿಗೂ ಮೂರು, ರಾಣಿಗೂ ಮೂರು, ಕುಮಾರರಿಗೂ ತಲಾ ಮೂರು, ಕಡೆಯ ಕೂಸಿಗೂ ಮೂರು. ಆರನೆಯ ಒಂದು, ಐದನೆಯ ಒಂದು, ಅರ್ಧ ಎಂದು ಕೇಳಿದಾಗ ಅನ್ಯಾಯದ ಹಂಚಿಕೆಯಂತೆ ತೋರಿದ್ದು ಕೊನೆಗೆ ಸರಿಸಮ ಹಂಚಿಕೆಯೇ ಆಗಿತ್ತು. ಭಿನ್ನರಾಶಿಯ ಬೆಲೆ ಅದು ಯಾವುದರ ಭಾಗವೆಂಬುದನ್ನು ಅವಲಂಬಿಸಿರುತ್ತದೆ ಎಂಬ ಮಾತನ್ನು ಹತ್ತು ಪುಟದ ವಿವರಣೆಗಿಂತ ಈ ಹದಿನೆಂಟು ಹಣ್ಣುಗಳು ಚೆನ್ನಾಗಿ ಹೇಳುತ್ತವೆ. ಇದನ್ನು ಪರದೆಯ ಮೇಲೆ ತಂದು, ಹಣ್ಣುಗಳನ್ನು ಬೆರಳಿನಿಂದ ಸರಿಸಲು ಬಿಟ್ಟು, ರಾಶಿಯ ಗಾತ್ರವನ್ನೂ ಪಾಲುದಾರರ ಸಂಖ್ಯೆಯನ್ನೂ ಬದಲಿಸುತ್ತ ಹಂತ ಹಂತವಾಗಿ ಕಠಿಣಗೊಳಿಸಿದರೆ ಸೊಗಸಾದ ಒಗಟಿನ ಆಟವಾಗುತ್ತದೆ. ಮಳಖೇಡದ ಲೆಕ್ಕ ಕಲಬುರಗಿಯ ಮಗುವಿಗೆ ಆಟವಾಗಿ ಮರಳಲು ತಾಂತ್ರಿಕ ಅಡ್ಡಿಯೇನೂ ಇಲ್ಲ.

ಇಷ್ಟು ಹೇಳಿ ಆಟವೊಂದೇ ಸಾಕು ಎಂದು ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ಭಾರತದಲ್ಲೇ ನಡೆದ ಪ್ರಯೋಗಗಳು ಎಚ್ಚರಿಕೆಯ ಮಾತು ಹೇಳುತ್ತವೆ. 2002ರಿಂದ 2004ರವರೆಗೆ ವಡೋದರದ ಪುರಸಭೆ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ತಾಸು ಗಣಿತದ ಗಣಕ ಆಟಗಳನ್ನು ಆಡಿಸಿತು. ಒಂದು ಗಣಕಕ್ಕೆ ಇಬ್ಬರು ಮಕ್ಕಳು. ಗಣಿತದ ಅಂಕಗಳು ಗಮನಾರ್ಹವಾಗಿ ಏರಿದವು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಗಳಿಕೆಯ ಬಹುಪಾಲು ಕರಗಿತ್ತು. ಗುಜರಾತಿನಲ್ಲೇ ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ ನಡೆಸಿ 2008ರಲ್ಲಿ ಹೊರತಂದ ಇನ್ನೊಂದು ಅಧ್ಯಯನದ ಫಲ ಇನ್ನೂ ನಿಚ್ಚಳ. ಶಿಕ್ಷಕರ ಪಾಠದ ಅವಧಿಯನ್ನು ಕಡಿದು ಅಲ್ಲಿ ಗಣಕವನ್ನು ಕೂರಿಸಿದಾಗ ಮಕ್ಕಳ ಕಲಿಕೆ ಕುಸಿಯಿತು. ಅದೇ ತಂತ್ರಾಂಶವನ್ನು ಶಾಲಾವಧಿಯ ಹೊರಗೆ, ಪಾಠದ ಜೊತೆಗೆ ಹೆಚ್ಚುವರಿಯಾಗಿ ಕೊಟ್ಟಾಗ ಸುಧಾರಿಸಿತು. ಯಂತ್ರ ಒಂದೇ, ಮಕ್ಕಳು ಅಂಥವರೇ. ಗುರುವಿನ ಜಾಗವನ್ನು ಅದು ಕಸಿಯಿತೋ ಗುರುವಿನ ಜೊತೆ ನಿಂತಿತೋ ಎಂಬುದಷ್ಟೇ ವ್ಯತ್ಯಾಸ.

ಮೂರನೆಯದು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೆಹಲಿಯ ಬಾಲವಾಡಿಗಳ ಅಧ್ಯಯನ. ಸಂಖ್ಯೆ ಮತ್ತು ಆಕಾರಗಳ ಆಟಗಳನ್ನು ಕೆಲವು ತಿಂಗಳು ಆಡಿದ ಮಕ್ಕಳಲ್ಲಿ ಹೆಚ್ಚು ಕಡಿಮೆಯನ್ನು, ಆಕಾರದ ಭೇದವನ್ನು ಥಟ್ಟನೆ ಗುರುತಿಸುವ ಶಕ್ತಿ ಬೆಳೆಯಿತು; ವರ್ಷ ಕಳೆದರೂ ಉಳಿಯಿತು. ಆದರೆ ಒಂದನೆಯ ತರಗತಿಗೆ ಹೋದಾಗ ಅಂಕಿ, ಚಿಹ್ನೆಗಳ ಗಣಿತದಲ್ಲಿ ಅವರು ಉಳಿದವರಿಗಿಂತ ಮುಂದಿರಲಿಲ್ಲ. ಬೀಜಗಣಿತವನ್ನು ಚಿತ್ರಗಳ ಮೂಲಕ ಆಡಿಸುವ, ನಾರ್ವೆಯಿಂದ ಬಂದ ‘ಡ್ರ್ಯಾಗನ್‌ಬಾಕ್ಸ್’ ಆಟವನ್ನು ಪರಿಶೀಲಿಸಿದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡದ್ದೂ ಇಂಥದ್ದನ್ನೇ: ಮಕ್ಕಳು ಆಟವನ್ನು ಸಂತೋಷದಿಂದ ಆಡಿ ಗೆದ್ದರು, ಕಾಗದದ ಮೇಲಿನ ಸಮೀಕರಣಕ್ಕೆ ಆ ಜಾಣ್ಮೆ ಅಷ್ಟಾಗಿ ಇಳಿಯಲಿಲ್ಲ.

ಬಜಾರದ ಹುಡುಗನ ಕಥೆಗೂ ಈ ಆಟಗಳ ಕಥೆಗೂ ಇರುವ ಹೋಲಿಕೆ ಇಲ್ಲಿ ಸ್ಪಷ್ಟವಾಗುತ್ತದೆ. ಆಟದಲ್ಲಿ ಗಳಿಸಿದ ತಿಳಿವಳಿಕೆ, ಬಂಡಿಯ ಮೇಲೆ ಗಳಿಸಿದ ತಿಳಿವಳಿಕೆಯಂತೆಯೇ, ತಾನಾಗಿ ಹಲಗೆಗೆ ದಾಟುವುದಿಲ್ಲ. ‘ನೀನು ಈಗ ಮಾಡಿದೆಯಲ್ಲ, ಅದನ್ನು ಬರೆಯುವುದು ಹೀಗೆ’ ಎಂದು ಯಾರಾದರೂ ಹೇಳಬೇಕು. ಹೇಳುವವರು ಶಿಕ್ಷಕರು. ಆಟ ಅವರಿಗೆ ಒದಗುವ ಸಾಧನವೇ ಹೊರತು ಅವರ ಬದಲಿಯಲ್ಲ.

ಕರ್ನಾಟಕ ಈ ಪಾಠವನ್ನು ಒಮ್ಮೆ ದುಬಾರಿ ಬೆಲೆ ತೆತ್ತು ಕಲಿತಿದೆ, ಮತ್ತೆ ಮರೆತಿದೆ. 2001–02ರಲ್ಲಿ ರಾಜ್ಯ ಸರ್ಕಾರ ‘ಮಾಹಿತಿ ಸಿಂಧು’ ಯೋಜನೆಯಡಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣವನ್ನು ಒಯ್ದಿತು. ಅದೇ ಕಾಲಕ್ಕೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗಣಕ ಆಧಾರಿತ ಕಲಿಕಾ ಕೇಂದ್ರಗಳನ್ನು ಬೆಂಬಲಿಸಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಕಲಿಕೆಯ ಸಿ.ಡಿ.ಗಳನ್ನು ತಯಾರಿಸಿತು. ಕಥೆ, ಒಗಟು, ಆಟಗಳ ಮೂಲಕ ಪಠ್ಯದ ವಿಷಯವನ್ನು ಹೇಳುವ ಆ ಸಿ.ಡಿ.ಗಳು ಕನ್ನಡದ ಮಗುವಿಗಾಗಿ ದೊಡ್ಡ ಪ್ರಮಾಣದಲ್ಲಿ ಸಿದ್ಧಗೊಂಡ ಮೊದಲ ಗಣಕ ಆಟಗಳ ಸಾಲಿಗೆ ಸೇರುತ್ತವೆ. ಕೆಲವೇ ವರ್ಷಗಳಲ್ಲಿ ಪ್ರತಿಷ್ಠಾನವೇ ಈ ದಾರಿಯಿಂದ ಹಿಂದೆ ಸರಿದು ಶಿಕ್ಷಕರ ತಯಾರಿಯತ್ತ ಹೊರಳಿತು. ಶಿಕ್ಷಣದ ನಿಜವಾದ ಸಮಸ್ಯೆಗಳಿಂದ ತಂತ್ರಜ್ಞಾನದ ಮೋಹ ನಮ್ಮ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ, ಶಿಕ್ಷಕರ ಬದಲಿಗೆ ಯಂತ್ರ ಸಾಕೆಂಬ ನಂಬಿಕೆ ಮಾರಕ ಎಂಬರ್ಥದ ಮಾತನ್ನು ಆ ಸಂಸ್ಥೆಯ ಅನುರಾಗ್ ಬೇಹರ್ 2010ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ತಾನೇ ಹಣ ಹೂಡಿದ ಪ್ರಯೋಗದ ಮಿತಿಯನ್ನು ಸಂಸ್ಥೆಯೊಂದು ಹೀಗೆ ಒಪ್ಪಿಕೊಂಡದ್ದು ಅಪರೂಪ.

ಆ ಮಾತು ತಲುಪಬೇಕಾದವರನ್ನು ತಲುಪಲಿಲ್ಲ. ಮುಂದಿನ ದಶಕದಲ್ಲಿ ಅದೇ ಬೆಂಗಳೂರಿನಿಂದ ಬೈಜೂಸ್ ಎದ್ದು ನಿಂತಿತು. 2019ರಲ್ಲಿ ಅದು ಅಮೆರಿಕದ ‘ಓಸ್ಮೊ’ ಕಂಪನಿಯನ್ನು 12 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮರದ ಟ್ಯಾನ್‌ಗ್ರಾಂ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದರೆ ಟ್ಯಾಬ್ಲೆಟ್ಟಿನ ಕ್ಯಾಮೆರಾ ಅದನ್ನು ಗುರುತಿಸುವ ಓಸ್ಮೊ ಆಟ ಒಗಟಿನ ಆಟಗಳಲ್ಲೇ ಉತ್ತಮವಾದುದು. ಆದರೆ ಅದು ಎಷ್ಟು ಮನೆಗಳಿಗೆ ಎಟುಕುವ ಆಟವಾಗಿತ್ತು? 2024ರ ಜುಲೈನಲ್ಲಿ ಬೈಜೂಸ್‌ನ ಮಾತೃಸಂಸ್ಥೆಯ ವಿರುದ್ಧ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಮಕ್ಕಳ ಕಲಿಕೆಯನ್ನು ಹೂಡಿಕೆದಾರರ ಲಾಭದ ಗತಿಗೆ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಡ. ಪಠ್ಯಪುಸ್ತಕವನ್ನು ಯಾವುದೋ ಕಂಪನಿಯ ಷೇರು ಬೆಲೆಗೆ ಒಪ್ಪಿಸಲು ನಾವು ಸಿದ್ಧರಿಲ್ಲ. ಪಠ್ಯದಷ್ಟೇ ಮಗುವನ್ನು ಮುಟ್ಟುವ ಆಟವನ್ನೇಕೆ ಒಪ್ಪಿಸಬೇಕು?

ಬೇರೆ ದಾರಿಗಳಿವೆ, ಅವು ದೂರದಲ್ಲೂ ಇಲ್ಲ. ಬೆಂಗಳೂರಿನ ಅಕ್ಷರ ಫೌಂಡೇಷನ್ ರೂಪಿಸಿದ ‘ಗಣಿತ ಕಲಿಕಾ ಆಂದೋಲನ’ 2015ರ ಸುಮಾರಿಗೆ ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂದದ್ದು ಆಗ ಹೈದರಾಬಾದ್ ಕರ್ನಾಟಕವೆಂದು ಕರೆಯುತ್ತಿದ್ದ ಇದೇ ಭಾಗದಲ್ಲಿ. 4 ಮತ್ತು 5ನೇ ತರಗತಿಯ ಮಕ್ಕಳಿಗೆ ಮಣಿಚೌಕಟ್ಟು, ಹತ್ತರ ಕಟ್ಟುಗಳು, ಭಿನ್ನರಾಶಿಯ ಪಟ್ಟಿಗಳುಳ್ಳ ಪೆಟ್ಟಿಗೆ, ಶಿಕ್ಷಕರಿಗೆ ತರಬೇತಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆ — ಇವು ಅದರ ಅಂಗಗಳು. ಇದೇ ಸಂಸ್ಥೆಯ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಉಚಿತ ಆಟದ ತಂತ್ರಾಂಶ ಕನ್ನಡದಲ್ಲಿದೆ. ಅಗ್ಗದ ಮೊಬೈಲಿನಲ್ಲಿ, ಅಂತರ್ಜಾಲ ಸಂಪರ್ಕವಿಲ್ಲದೆಯೂ ನಡೆಯುತ್ತದೆ. ಮೊದಲು ಕೈಯಲ್ಲಿ ಹಿಡಿಯುವ ವಸ್ತು, ಆಮೇಲೆ ಪರದೆಯ ಚಿತ್ರ, ಕೊನೆಗೆ ಹಲಗೆಯ ಅಂಕಿ ಎಂಬ ಈ ಕ್ರಮದಲ್ಲಿ ಸೇತುವೆಯ ನಕ್ಷೆಯೇ ಇದೆ.

ನಕ್ಷೆ ನಮಗೆ ಅಪರಿಚಿತವೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಹುಟ್ಟಿ, ಮುಂದೆ ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಹರಡಿದ ‘ನಲಿ–ಕಲಿ’ ಪದ್ಧತಿಯನ್ನು ಗಮನಿಸಿ. ಕಲಿಕೆಯ ಏಣಿ, ಒಂದೊಂದು ಮೆಟ್ಟಿಲಿಗೂ ಕಾರ್ಡುಗಳು, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಏರುವ ಅವಕಾಶ, ತಪ್ಪಿದರೆ ಶಿಕ್ಷೆಯಿಲ್ಲದೆ ಮತ್ತೆ ಯತ್ನ. ವಿಡಿಯೊ ಆಟದ ‘ಲೆವೆಲ್’ ಎಂಬುದು ಇದಕ್ಕಿಂತ ಬೇರೆಯಲ್ಲ. ಗಣಕವಿಲ್ಲದ ಕಾಲದಲ್ಲೇ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರು ಆಟದ ವ್ಯಾಕರಣವನ್ನು ತರಗತಿಗೆ ತಂದಿದ್ದರು. ಒಗಟಿನ ಆಟಗಳನ್ನು ವಿನ್ಯಾಸಗೊಳಿಸುವಾಗ ಕೇಳಬೇಕಾದ ಮೊದಲ ಸಲಹೆ ಅವರದು.

ಪಕ್ಕದ ಕೇರಳದಿಂದ ಕಲಿಯುವುದೂ ಇದೆ. 2001ರಲ್ಲಿ ಆರಂಭವಾದ ‘ಐಟಿ@ಸ್ಕೂಲ್’ ಯೋಜನೆ ಶಾಲೆಗಳ ಗಣಕಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಹೊರಳಿಸಿತು. 2000ನೇ ಇಸವಿಯಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ‘ಜಿಕಾಂಪ್ರಿ’ ಎಂಬ ಮಕ್ಕಳ ಆಟಗಳ ಸಂಪುಟ ಅಲ್ಲಿನ ತರಗತಿಗಳಿಗೆ ಬಂದದ್ದು ಹೀಗೆ. ‘ನನಗೆ ತಿಳಿಯಿತು’ ಎಂಬ ಫ್ರೆಂಚ್ ಮಾತಿನ ಮೇಲಿನ ಶ್ಲೇಷೆ ಆ ಹೆಸರು. ಅದರಲ್ಲಿ ಟ್ಯಾನ್‌ಗ್ರಾಂ ಇದೆ, ಹನೋಯಿ ಗೋಪುರವಿದೆ. ನಮ್ಮ ಅಳಿಗುಳಿ ಮಣೆಯ ಸೋದರನಾದ ಆಫ್ರಿಕಾದ ಓವಾರೆಗೂ ಅದು ಜಾಗ ಕೊಟ್ಟಿತು. ಅದರ ಮೂಲಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು. ಕೇರಳದ ಪ್ರಾಥಮಿಕ ತರಗತಿಗಳ ಗಣಕ ಪಠ್ಯಪುಸ್ತಕದ ಹೆಸರೇ ‘ಕಳಿಪ್ಪೆಟ್ಟಿ’, ಅಂದರೆ ಆಟದ ಪೆಟ್ಟಿಗೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯ ಒಳಗಿವೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಒದಗಿದ ಈ ವ್ಯವಸ್ಥೆ ಮಾಹಿತಿ ತಂತ್ರಜ್ಞಾನದ ರಾಜಧಾನಿಯನ್ನುಳ್ಳ ರಾಜ್ಯದ ಮಕ್ಕಳಿಗೇಕೆ ಒದಗಬಾರದು?

ಭಾಷೆಯ ಮಾತನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಕನ್ನಡದಲ್ಲಿ ಸಿಗುವ ಆಟಗಳಲ್ಲಿ ಹೆಚ್ಚಿನವು ಇಂಗ್ಲಿಷಿನಿಂದ ಇಳಿದ ಅನುವಾದಗಳು. ಅವುಗಳ ಕನ್ನಡ ಕಲಬುರಗಿಯ ಮಗುವಿನ ಕಿವಿಗೆ ಪರಕೀಯ. ಈ ಬಜಾರದಲ್ಲಿ ಕಾಲಿಗೆ ಪಾವ, ಮುಕ್ಕಾಲಿಗೆ ಪೌಣ, ಒಂದೂಕಾಲಿಗೆ ಸವ್ವಾ, ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಎನ್ನುತ್ತಾರೆ. ಭಿನ್ನರಾಶಿಗೆ ಇಷ್ಟು ಜೀವಂತ ಶಬ್ದಗಳಿರುವ ಊರಿನ ಮಕ್ಕಳು ಭಿನ್ನರಾಶಿಯಲ್ಲಿ ಸೋಲುತ್ತಿದ್ದಾರೆ ಎಂದರೆ ಸೋತದ್ದು ಮಕ್ಕಳಲ್ಲ. ಆ ಶಬ್ದಗಳನ್ನು ಬಾಗಿಲಾಚೆ ಬಿಟ್ಟುಬರಬೇಕೆಂದು ಹೇಳಿದ ನಮ್ಮ ಪಾಠಕ್ರಮ. ಮನೆಯಲ್ಲಿ ಉರ್ದು ಮಾತಾಡುವ ಮಗು, ಕಮಲಾಪುರದ ತಾಂಡಾದಿಂದ ಬರುವ ಲಂಬಾಣಿ ಮಾತಿನ ಮಗು — ಇವರಿಗೂ ‘ಅಡೀಚ’ ಅಪರಿಚಿತವಲ್ಲ. ಸಂತೆಯ ಗಣಿತ ಭಾಷೆಗಳ ಗಡಿ ದಾಟಿದೆ. ಒಗಟಿನ ಆಟವು ಪರದೆಯ ಮೇಲೆ ‘ಅಡೀಚ’ ಎಂದು ನುಡಿದು, ಪಕ್ಕದಲ್ಲೇ 2½ ಎಂದು ಬರೆದು ತೋರಿಸಿದರೆ ಸೇತುವೆಯ ಮೊದಲ ಕಂಬ ಅಲ್ಲೇ ನಿಲ್ಲುತ್ತದೆ.

ಆಗಬೇಕಾದದ್ದೇನು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಒಂದು, ಕಲಿಕೆಯ ಆಟಗಳನ್ನು ಪಠ್ಯಪುಸ್ತಕದಂತೆ ಸಾರ್ವಜನಿಕ ಸೊತ್ತೆಂದು ಸರ್ಕಾರ ಪರಿಗಣಿಸಬೇಕು: ಉಚಿತ, ಮೂಲಸಂಕೇತ ತೆರೆದಿರುವ, ಜಾಹೀರಾತಿಲ್ಲದ, ಸಂಪರ್ಕವಿಲ್ಲದೆಯೂ ನಡೆಯುವ ಆಟಗಳು. ಮಕ್ಕಳ ಚಟುವಟಿಕೆಯ ಜಾಡು ಹಿಡಿದು ಅವರತ್ತ ಜಾಹೀರಾತು ಗುರಿಯಿಡುವುದನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಶಾಲೆಗೆ ಬರುವ ಪ್ರತಿ ಆಟವೂ ಮೊದಲು ಈ ಒರೆಗಲ್ಲನ್ನು ದಾಟಬೇಕು. ಎರಡು, ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ‘ದೀಕ್ಷಾ’ ಜಾಲತಾಣಕ್ಕೆ ಒಯ್ಯುವ ಕ್ಯುಆರ್ ಸಂಕೇತಗಳು ಈಗಾಗಲೇ ಇವೆ. ಅವುಗಳ ಹಿಂದೆ ಮುದ್ರಿತ ಪಾಠದ ವಿಡಿಯೊ ಒಂದೇ ಇದ್ದರೆ ಸಾಲದು. ಆ ಅಧ್ಯಾಯಕ್ಕೆ ತಕ್ಕ ಒಂದು ಒಗಟಿನ ಆಟವೂ, ಆಟ ಮುಗಿದ ಮೇಲೆ ಹಲಗೆಯ ಮೇಲೆ ಏನು ಬರೆಯಬೇಕೆಂದು ಶಿಕ್ಷಕರಿಗೆ ತಿಳಿಸುವ ಒಂದು ಪುಟವೂ ಇರಲಿ. ಮೂರು, ಶಿಕ್ಷಣಕ್ಕೆ ದೊಡ್ಡ ಮೊತ್ತ ವಿನಿಯೋಗಿಸುತ್ತಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಅದರ ಒಂದು ಸಣ್ಣ ಪಾಲನ್ನು ಈ ಭಾಗದ ಶಿಕ್ಷಕರು, ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಜೊತೆಯಾಗಿ ಆಟಗಳನ್ನು ಕಟ್ಟುವ ಕೆಲಸಕ್ಕೆ ಮೀಸಲಿಡಲಿ. ನಾಲ್ಕು, ವಡೋದರದಂತೆ ಒಂದು ಯಂತ್ರಕ್ಕೆ ಇಬ್ಬರನ್ನು ಕೂರಿಸಲಿ. ಒಬ್ಬರೇ ಆಡಿದರೆ ಬೆರಳು ಓಡುತ್ತದೆ. ಇಬ್ಬರು ಆಡಿದರೆ ವಾದ ನಡೆಯುತ್ತದೆ. ಗಣಿತ ಕುದುರುವುದು ವಾದದಲ್ಲಿ.

ಆಕ್ಷೇಪಗಳಿಲ್ಲವೆಂದಲ್ಲ. ಶಿಕ್ಷಕರ ಹುದ್ದೆಗಳು ಖಾಲಿಯಿರುವಾಗ, ಕೊಠಡಿಗಳು ಸೋರುವಾಗ ಆಟದ ಮಾತೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶಿಕ್ಷಕರ ನೇಮಕವೇ ಮೊದಲ ಕರ್ತವ್ಯವೆಂಬುದನ್ನು ಮೇಲಿನ ಅಧ್ಯಯನಗಳೂ ಹೇಳುತ್ತವೆ. ಶಿಕ್ಷಕರಿಲ್ಲದ ಶಾಲೆಗೆ ಆಟ ಕಳಿಸುವುದು ಬಾವಿಯಿಲ್ಲದ ಊರಿಗೆ ಹಗ್ಗ ಕಳಿಸಿದಂತೆ. ಎಳೆಯ ಕಣ್ಣುಗಳಿಗೆ ಪರದೆ ಹಿತವಲ್ಲ ಎಂಬ ಮಾತೂ ಒಪ್ಪತಕ್ಕದ್ದೇ. ಆದ್ದರಿಂದಲೇ ವಾರಕ್ಕೆ ಎರಡು ತಾಸಿನ ಮಿತಿ, ಕೈವಸ್ತುಗಳಿಗೆ ಮೊದಲ ಆದ್ಯತೆ. ಆದರೆ ನಾವು ಕೊಡದಿದ್ದರೆ ಮಗು ಪರದೆ ನೋಡುವುದೇ ಇಲ್ಲ ಎಂಬ ಭ್ರಮೆ ಬೇಡ. ಅದು ನೋಡುತ್ತಿದೆ. ಏನನ್ನು ನೋಡುತ್ತಿದೆ ಎಂಬುದನ್ನು ಬೇರೆ ಯಾರೋ ನಿರ್ಧರಿಸಿದ್ದಾರೆ.

ಮತ್ತೆ ಸ್ಟೇಶನ್ ಬಜಾರಕ್ಕೆ ಬರೋಣ. ಬಂಡಿಯ ಹುಡುಗನಿಗೆ ಲೆಕ್ಕ ಬರುತ್ತದೆ, ಅದು ಗಣಿತವೆಂದು ಯಾರೂ ಅವನಿಗೆ ಹೇಳಿಲ್ಲ. ಮೆಟ್ಟಿಲ ಮೇಲಿನ ಹುಡುಗನಿಗೆ ತಾಸುಗಟ್ಟಲೆ ಒಂದರಲ್ಲೇ ಮನಸ್ಸಿಡುವ ತಾಳ್ಮೆಯಿದೆ, ಅದಕ್ಕೆ ತಕ್ಕ ಒಗಟನ್ನು ಯಾರೂ ಅವನಿಗೆ ಕೊಟ್ಟಿಲ್ಲ. ಇಬ್ಬರನ್ನೂ ಒಂದು ಪರದೆಯ ಮುಂದೆ ಕೂರಿಸಿ, ಹದಿನೆಂಟು ಮಾವಿನ ಹಣ್ಣಿನ ರಾಶಿಯನ್ನು ಮುಂದಿಟ್ಟು, ಪಕ್ಕದಲ್ಲಿ ಒಂದು ಹಲಗೆ ಮತ್ತು ಒಬ್ಬ ಶಿಕ್ಷಕರನ್ನು ನಿಲ್ಲಿಸುವುದು ಅಸಾಧ್ಯದ ಮಾತಲ್ಲ. ಸಾವಿರದ ನೂರು ವರ್ಷಗಳಿಗೂ ಹಿಂದೆ ಇದೇ ನಾಡಿನಲ್ಲಿ ಒಬ್ಬ ಗಣಿತಜ್ಞ ಕಡೆಯ ಕೂಸಿಗೂ ಸಮಪಾಲು ಸಿಗುವಂತೆ ಲೆಕ್ಕ ಹೆಣೆದಿದ್ದ. ಫಲಿತಾಂಶದ ಪಟ್ಟಿಯಲ್ಲಿ ಕಡೆಗುಳಿದ ಜಿಲ್ಲೆಯ ಕೂಸಿಗೆ ಆ ಪಾಲು ಇನ್ನೂ ಬರಬೇಕಾಗಿದೆ.